"ಕೇರಳದ ಮನೆ ಅಲ್ವಾ?"

ಮಲ್ಲೇಶ್ವರದಲ್ಲಿ ನಾವು ಬಾಡಿಗೆಗಿರುವುದು ಒಂದು ಹಳೇ ಬಂಗಲೆಯ ಹಿಂಭಾಗದಲ್ಲಿ. ಮುಂದಿನ ಭಾಗದಲ್ಲಿ ಓನರ್ ಆಂಟಿ ಒಬ್ಬರೇ ಇದ್ದಾರೆ. ಮೊನ್ನೆ ನನ್ನ ಫೋನಿನಲ್ಲಿ ಊರಿನ ಮನೆಯ ಫೋಟೋ ನೋಡಿ, "ಕೇರಳದ ಮನೆ ಅಲ್ವಾ? ನೀವು ಮಲಯಾಳಿಗಳು ಅಂತ ಗೊತ್ತೇ ಇರಲಿಲ್ಲ" ಅಂದರು. ಬೆಂಗಳೂರಿಗೆ ಬಂದಾಗಿನಿಂದ ಈ ಪ್ರಶ್ನೆ ಬೆನ್ನು ಬಿಟ್ಟಿಲ್ಲ. "ಇಲ್ಲ, ಕನ್ನಡದವರೇ, ಕಾಸರಗೋಡು" ಅಂದು ಸುಮ್ಮನಾಗುವುದು ನನ್ನ ರೂಢಿ. ಆವತ್ತು ಆಂಟಿ ಕಾಫಿ ಬೇರೆ ತಂದಿದ್ದರು. ಪೂರ್ತಿ ಹೇಳಿಬಿಟ್ಟೆ.

ನಮ್ಮ ಮುತ್ತಜ್ಜ ಆ ಮನೆ ಕಟ್ಟಿಸಿ ಹತ್ತಿರ ಹತ್ತಿರ ನೂರು ವರ್ಷ. ಆಗ ಕೇರಳವೂ ಇಲ್ಲ, ಕರ್ನಾಟಕವೂ ಇಲ್ಲ. 1799ರಲ್ಲಿ ಟಿಪ್ಪು ಸತ್ತ ಮೇಲೆ ಕೆನರಾ, ಅಂದರೆ ಕನ್ನಡ ಕರಾವಳಿ, ಇಂಗ್ಲಿಷರ ಕೈಗೆ ಹೋಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು, ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲೇ ಉಳಿಯಿತು. ಕಾಸರಗೋಡು ಆ ದಕ್ಷಿಣ ಕನ್ನಡದ ಒಂದು ತಾಲೂಕು. 1956ರ ನವೆಂಬರ್ 1ಕ್ಕೆ ನೀವು ಇಲ್ಲಿ ಹಬ್ಬ ಮಾಡ್ತೀರಲ್ಲ, ಅದೇ ದಿನ ನಮ್ಮದು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ, ಕೊಡಬೇಕು ಅಂತ ಗಡಿ ವಿವಾದದ ಮಹಾಜನ ಆಯೋಗ 1967ರಲ್ಲಿ ಹೇಳಿತು. ಹೇಳಿದ್ದು ಹೇಳಿದ ಹಾಗೇ ಉಳಿಯಿತು. 1984ರಲ್ಲಿ ಕಾಸರಗೋಡು ಬೇರೆ ಜಿಲ್ಲೆಯಾಯಿತು. ಇಷ್ಟೆಲ್ಲ ಆಗುವಾಗ ಮನೆ ಗುಡ್ಡದ ಬುಡದಲ್ಲಿ ಇದ್ದಲ್ಲೇ ಇತ್ತು.

ಮುತ್ತಜ್ಜ ಪಟೇಲರಾಗಿದ್ದರು. ಪಟೇಲರ ಮನೆಯೆಂದರೆ ಅರ್ಧ ಸರ್ಕಾರಿ ಕಚೇರಿ. ಮುಂದಿನ ಚಾವಡಿ ಅಷ್ಟು ಉದ್ದ ಇರುವುದು ಅದಕ್ಕೇ. ತೀರ್ವೆ, ಅಂದರೆ ಭೂಕಂದಾಯ, ಕಟ್ಟಲು ಬಂದವರು ಜಗಲಿಯಲ್ಲಿ ಕೂರಬೇಕು, ಶಾನುಭೋಗರಿಗೆ ಚಾವಡಿಯ ಮೂಲೆಯಲ್ಲಿ ಇಳಿಜಾರು ಮುಚ್ಚಳದ ಮರದ ಪೆಟ್ಟಿಗೆ. ಆ ಪೆಟ್ಟಿಗೆ ಈಗಲೂ ಇದೆ. ಮುಚ್ಚಳದ ಮೇಲೆ ಶಾಯಿಯ ಕಲೆ, ಒಳಗೆ ಅಮ್ಮನ ಹೊಲಿಗೆ ಸಾಮಾನು.

ಮಲಯಾಳಿಗಳ ನಾಲುಕೆಟ್ಟಿನ ಹಾಗೆ ನಮ್ಮ ಮನೆಗೆ ನಡುವೆ ತೆರೆದ ಅಂಗಳ ಇಲ್ಲ. ಅಂಗಳ ಇರುವುದು ಮನೆಯ ಮುಂದೆ, ಅಗಲವಾಗಿ, ಅಡಿಕೆ ಒಣಗಿಸುವುದಕ್ಕೆ. ಅಡಿಕೆಗೆ ನೆರಳು ಬೀಳಬಾರದು ಅಂತ ಮನೆಯನ್ನೇ ಹಿಂದಕ್ಕೆ ಸರಿಸಿ ಕಟ್ಟಿದ್ದಾರೆ. ಯಜಮಾನ ಯಾರು ಅಂತ ಇದರಲ್ಲೇ ಗೊತ್ತಾಗುತ್ತೆ ಅಲ್ವಾ?

ಗೋಡೆ ಮುರಕಲ್ಲಿನದು, ಇಂಗ್ಲಿಷಿನಲ್ಲಿ ಲ್ಯಾಟರೈಟ್. ಬೆಂಗಳೂರಿನವರಿಗೆ ಕಲ್ಲು ಅಂದರೆ ಗ್ರಾನೈಟು, ಉಳಿ ಸುತ್ತಿಗೆ, ಕಿವಿಗಡಚಿಕ್ಕುವ ಸದ್ದು. ಮುರಕಲ್ಲು ಹಾಗಲ್ಲ. ನೆಲದಲ್ಲಿರುವಾಗ ಮೆತ್ತಗೆ, ಕೊಡಲಿಯಲ್ಲೇ ಕತ್ತರಿಸಬಹುದು. ಗಾಳಿ ಬಿಸಿಲಿಗೆ ಇಟ್ಟರೆ ಗಟ್ಟಿಯಾಗುತ್ತದೆ. ನಮ್ಮ ಮನೆಯ ಕಲ್ಲು ತೆಗೆದ ಹೊಂಡ ಹಿತ್ತಿಲಲ್ಲೇ ಇದೆ, ಮಳೆಗಾಲದಲ್ಲಿ ಕೆರೆಯ ಹಾಗೆ ತುಂಬುತ್ತದೆ. ಕುಡಿಯುವ ನೀರೂ ಅದೇ ಕಲ್ಲಿನಿಂದ. ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಸುರಂಗ, ಒಬ್ಬ ಬಗ್ಗಿ ಹೋಗುವಷ್ಟು ಎತ್ತರ. ಪಂಪು ಬೇಡ, ನೀರು ತಾನೇ ಹರಿದು ಬರುತ್ತದೆ. ಆಂಟಿ ಇದನ್ನು ಕೊನೆಗೂ ನಂಬಲಿಲ್ಲ. "ಬಾವಿ ಮಲಗಿರುತ್ತಾ?" ಅಂತ ನಕ್ಕರು.

ಅಸಲು ವಿಷಯ ಮಾಡಿನದು, ಅಂದರೆ ಮನೆಯ ಸೂರಿನದು. ಅಲ್ಲಿ ವರ್ಷಕ್ಕೆ 3500 ಮಿಲಿಮೀಟರ್ ಆಸುಪಾಸು ಮಳೆ. ಬೆಂಗಳೂರಿಗೆ ಸಾವಿರ ಬಂದರೆ ರಸ್ತೆಯಲ್ಲಿ ದೋಣಿ. ಹಿಂದೆ ಮುಳಿಹುಲ್ಲಿನ ಮಾಡು ಇತ್ತು, ವರ್ಷ ವರ್ಷ ಹೊಸದಾಗಿ ಹೊದಿಸಬೇಕಿತ್ತು. ಬೆಂಕಿಯ ಭಯ ಬೇರೆ. ಅದಕ್ಕೆ ಕೋಣೆಗಳ ಮೇಲೆ ಮರದ ಮುಚ್ಚಿಗೆ ಹಾಕಿ, ಅದರ ಮೇಲೆ ದಪ್ಪಗೆ ಮಣ್ಣು ಮೆತ್ತುತ್ತಿದ್ದರು. ಹುಲ್ಲು ಸುಟ್ಟರೂ ಕೆಳಗಿನ ಮನೆ ಉಳಿಯಲಿ ಅಂತ. ಮುತ್ತಜ್ಜ ಹೆಂಚು ಹಾಕಿಸಿದರೂ ಮಣ್ಣಿನ ಮುಚ್ಚಿಗೆ ಬಿಡಲಿಲ್ಲ. ಏಪ್ರಿಲ್ ಸೆಕೆಯಲ್ಲಿ ನಡುಕೋಣೆ ತಣ್ಣಗಿರುವುದು ಆ ಹಳೇ ಭಯದ ಪುಣ್ಯ.

ಹೆಂಚು ಮಂಗಳೂರಿನದು. ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದರು, ನೇತ್ರಾವತಿ ದಡದ ಜೇಡಿಮಣ್ಣು. ಹೆಂಚಿನ ಅಂಚಿಗೆ ಗಾಡಿ, ಅಂದರೆ ಉದ್ದನೆಯ ಗೀರು, ಇದೆ, ಒಂದರ ಅಂಚು ಇನ್ನೊಂದಕ್ಕೆ ಕೂರುತ್ತದೆ, ಕೆಳಗೆ ಮರದ ರೀಪಿಗೆ ಸಿಕ್ಕಿಕೊಳ್ಳುತ್ತದೆ. ಮೊಳೆ ಬೇಡ. ಒಂದು ಒಡೆದರೆ ಒಂದನ್ನೇ ಬದಲಿಸಿದರಾಯಿತು. ನಡುನಡುವೆ ಒಂದೆರಡು ಗಾಜಿನ ಹೆಂಚು. ಅದರಿಂದ ಚಾವಡಿಗೆ ಬೀಳುವ ಬಿಸಿಲಿನ ತುಂಡು ಶಾನುಭೋಗರ ಪೆಟ್ಟಿಗೆ ಮುಟ್ಟಿದರೆ ಅಜ್ಜಿ ಅನ್ನಕ್ಕೆ ಇಡುತ್ತಿದ್ದರು. ಗಡಿಯಾರ ಇತ್ತು, ಕೀಲಿ ಕೊಡುವವರು ಇರಲಿಲ್ಲ.

ಕಾಗದದ ಕಥೆ ಅಷ್ಟು ಸಲೀಸಲ್ಲ. ಮನೆಯ ಹಳೇ ಪತ್ರಗಳೆಲ್ಲ ಕನ್ನಡದಲ್ಲಿವೆ. ವರ್ಗ, ಮೂಲಗೇಣಿ, ಕುಮ್ಕಿ ಅಂತ ಜಮೀನಿನ ಹಕ್ಕಿಗೆ ಕೆನರಾದಲ್ಲಿ ಬಳಸುವ ಮಾತುಗಳೇ. ಆಮೇಲಿನ ರಶೀದಿಗಳು ಮಲಯಾಳದಲ್ಲಿ. ಅಪ್ಪ ಒಮ್ಮೆ ಜಾಗದ ಕೆಲಸಕ್ಕೆ ಒಂದು ಕಚೇರಿಗೆ ಹೋದಾಗ, "ಇದನ್ನು ಓದುವವರು ಇಲ್ಲಿಲ್ಲ, ಅನುವಾದ ಮಾಡಿಸಿ ತನ್ನಿ" ಅಂದರು. ಮೂರು ಸಲ ಅಲೆದರು. ಅಪ್ಪನಿಗೆ ಮಲಯಾಳ ಚೆನ್ನಾಗಿ ಬರುತ್ತದೆ, ಜಗಳ ಆಡಿದ್ದೂ ಮಲಯಾಳದಲ್ಲೇ. ನಿಜ ಹೇಳಬೇಕೆಂದರೆ ಆ ಕೈಬರಹ ನನಗೂ ಪೂರ್ತಿ ಓದಲು ಬರುವುದಿಲ್ಲ.

ಇಷ್ಟು ಕೇಳಿದ ಆಂಟಿ ಎದ್ದು, "ಬನ್ನಿ ಇಲ್ಲಿ" ಅಂತ ಮುಂದಿನ ಪೋರ್ಟಿಕೋಗೆ ಕರೆದರು. ಮಲ್ಲೇಶ್ವರ 1898ರ ಪ್ಲೇಗಿನ ಕಾಲಕ್ಕೆ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಲು ಮಾಡಿದ ಬಡಾವಣೆ. ಈ ಮನೆ ಅದಕ್ಕಿಂತ ಸ್ವಲ್ಪ ಈಚಿನದು. ಒಳಗೆ ಮದ್ರಾಸ್ ತಾರಸಿ: ಮರದ ತೊಲೆಗಳ ಮೇಲೆ ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ ಗಾರೆ ಹಾಕಿದ್ದು. ಕಿಟಕಿಗಳ ಮೇಲೆ ಮರದ ಪಟ್ಟಿಯ ಚೂಪು ಟೋಪಿ, ಬೆಂಗಳೂರಿನವರು ಮಂಕಿ ಟಾಪ್ ಅನ್ನುತ್ತಾರೆ. ಪೋರ್ಟಿಕೋಗೆ ಮಾತ್ರ ಹೆಂಚು. ಮಳೆಗೆ ಒಡೆದು ಕೆಳಗಿಟ್ಟಿದ್ದ ಒಂದನ್ನು ತಿರುಗಿಸಿ ತೋರಿಸಿದರು. ಪಾಚಿ ಕೆರೆದರೆ ಮಿಶನ್ ಮುದ್ರೆ, 1865. ಇಸವಿ ಕಾರ್ಖಾನೆಯದು, ಮನೆಯದಲ್ಲ. ಆಂಟಿ ಇಷ್ಟು ದಿನ ತಮ್ಮ ಮನೆಯೇ ಆ ವರ್ಷದ್ದು ಅಂತ ಎಲ್ಲರಿಗೂ ಹೇಳಿಕೊಂಡಿದ್ದರಂತೆ. ನಾನು ಬಾಯಿಬಿಡಬಾರದಿತ್ತು.

ಮುಂದಿನ ಸಲ ಊರಿಗೆ ಹೋದಾಗ ದನದ ಹಟ್ಟಿಯ ಹಿಂದೆ ಪೇರಿಸಿಟ್ಟಿದ್ದ ಹಳೇ ಹೆಂಚು ಎಂಟು, ಗೋಣಿ ಸುತ್ತಿ ಕಾರಿನ ಡಿಕ್ಕಿಯಲ್ಲಿ ತಂದೆ. ಮೇಸ್ತ್ರಿ ಮೇಲೆ ಹತ್ತಿ ಒಂದನ್ನು ಇಟ್ಟು ನೋಡಿದ. ಕೂರಲಿಲ್ಲ. ಅದಲು ಬದಲು ಮಾಡಿದ, ಆಗಲೂ ಅರ್ಧ ಬೆರಳು ಎದ್ದೇ ಇತ್ತು.

"ಸಾರ್, ಇದು ಬೇರೆ ಕಂಪನಿದು. ಎಲ್ಲಿಂದ ತಂದ್ರಿ, ಕೇರಳನಾ?"

ಆಂಟಿ ನನಗಿಂತ ಮೊದಲೇ ಉತ್ತರ ಕೊಟ್ಟರು. "ಕೇರಳ ಅಲ್ಲಪ್ಪ, ಮದ್ರಾಸು."