ಉಳಿ ಹಿಡಿಯುವ ಕೈಗೆ ಪಿಟೀಲು ಬರಲ್ವಾ?

ಬೆರಳು ಮಾತು ಕೇಳದೆ ವಾದ್ಯ ನಿಲ್ಲಿಸಿದವರು ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದಿದ್ದು ಇದು ಮೂರನೇ ಸಲ. ಮೊದಲು ಒಬ್ಬ ಮೃದಂಗ ವಾದಕರು, ಆಮೇಲೆ ಒಬ್ಬ ವೈಣಿಕರು. ಮೂವರ ಮನೆಯಲ್ಲೂ ಹೆಚ್ಚುಕಡಿಮೆ ಒಂದೇ ಮಾತು: ಬೇರೆ ಕೆಲಸಕ್ಕೆ ಬರುವ ಕೈ ವಾದ್ಯಕ್ಕೆ ಮಾತ್ರ ಬರಲ್ವಾ? ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಇವರು ಮೈಸೂರಿನವರು, ಚಿಕ್ಕಂದಿನಿಂದ ಪಿಟೀಲು. ನಲವತ್ತರ ಹತ್ತಿರ ಎಡಗೈಯ ಉಂಗುರ ಬೆರಳು ತಂತಿ ಮುಟ್ಟುವಾಗಲೆಲ್ಲ ಒಳಕ್ಕೆ ಮಡಚಿಕೊಳ್ಳತೊಡಗಿತು. ನೋವಿಲ್ಲ, ಊತವಿಲ್ಲ. ನರತಜ್ಞರು ಫೋಕಲ್ ಡಿಸ್ಟೋನಿಯಾ ಎಂದರು, ಅಂದರೆ ದೇಹದ ಒಂದು ಭಾಗದ ಸ್ನಾಯುಗಳು ತಾವಾಗಿಯೇ ಬಿಗಿದುಕೊಳ್ಳುವ ನರಸಂಬಂಧಿ ಕಾಯಿಲೆ. ಕಛೇರಿ ನಿಂತಿತು. ಮುಂದೆ ಚಿತ್ರಕಲೆ, ಅಲ್ಲಿಂದ ಮರದಚ್ಚು, ಅಂದರೆ ಹಲಗೆಯಲ್ಲಿ ಚಿತ್ರ ಕೆತ್ತಿ, ಶಾಯಿ ಹಚ್ಚಿ ಕಾಗದಕ್ಕೆ ಒತ್ತುವ ಕಲೆ.

ನಾಲ್ಕನೇ ಭೇಟಿಯಲ್ಲಿ ಒಂದು ಅಚ್ಚು ತಂದಿದ್ದರು. ಕೆಳಗೆ ಪೆನ್ಸಿಲ್‌ನಲ್ಲಿ 3/8 ಎಂದು ಬರೆದಿತ್ತು, ಎಂಟು ಪ್ರತಿಗಳಲ್ಲಿ ಮೂರನೆಯದು ಎಂದರ್ಥ. ಮಳೆಗಾಲದ ಕೆರೆ. ಬಹಳ ಚೆನ್ನಾಗಿದೆ ಎಂದೆ. ಅವರು ಅಳಲು ಶುರು ಮಾಡಿದರು.

"ಕೆತ್ತುವಾಗ ಎಡಗೈ ಬೆರಳೇ ಉಳಿಗೆ ದಾರಿ ತೋರಿಸಬೇಕು ಮೇಡಂ. ಆಗ ಬೆರಳು ಮಡಚೋದೇ ಇಲ್ಲ. ಉಳಿ ಹಿಡಿಯೋ ಕೈಗೆ ಪಿಟೀಲು ಬರಲ್ವಾ ಅಂತ ಅಮ್ಮ ಕೇಳ್ತಾರೆ. ನಂಗೂ ಈಗ ಹಾಗೇ ಅನ್ನಿಸ್ತಿದೆ. ನಾನು ಸುಮ್ನೆ ನಾಟಕ ಮಾಡ್ತಿದೀನಾ?"

ಕೆತ್ತನೆಯಲ್ಲಿ ಖುಷಿ ಸಿಕ್ಕ ದಿನ ಅದನ್ನು ಮನೆಯಲ್ಲಿ ಮುಚ್ಚಿಡುತ್ತಿದ್ದರಂತೆ. ನಕ್ಕರೆ ಕಾಯಿಲೆ ಸುಳ್ಳು ಎಂದಾಗುತ್ತದಲ್ಲ ಎಂಬ ಭಯ. ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಈ ಕಾಯಿಲೆಯ ಗುಣವೇ ಅದು. ವರ್ಷಗಟ್ಟಲೆ ಪಳಗಿದ ಆ ಒಂದು ಕೆಲಸದಲ್ಲೇ ಮಿದುಳಿನ ಸೂಚನೆ ಕಲಸಿಹೋಗುತ್ತದೆ. ಅದೇ ಬೆರಳು ಅನ್ನ ಕಲಸುತ್ತದೆ, ಗುಂಡಿ ಹಾಕುತ್ತದೆ. ನೂರು ವಾದಕರಲ್ಲಿ ಒಬ್ಬರಿಗಾದರೂ ಬರುತ್ತದೆ ಎಂಬ ಅಂದಾಜಿದೆ. ಚಿಕಿತ್ಸೆ ಇದೆ, ಆದರೆ ಪೂರ್ತಿ ಮೊದಲಿನಂತೆ ನುಡಿಸುವವರು ಕಡಿಮೆ.

ಮೂರು ಮಾತು ಹೇಳಿದೆ. ಅಮ್ಮನ ಮುಂದೆ ಪಿಟೀಲು ಹಿಡಿದು ತೋರಿಸಬೇಡಿ, ಅವರನ್ನು ನರತಜ್ಞರ ಬಳಿ ಕರೆದುಕೊಂಡು ಹೋಗಿ. ಹಟಕ್ಕೆ ಬಿದ್ದು ಸಾಧಕ ಮಾಡಬೇಡಿ. ಪಿಟೀಲನ್ನು ಈಗಲೇ ಮಾರಲೂಬೇಡಿ.

ಸಾಧಕ ಬಿಡಿ ಎನ್ನಲು ನೀವ್ಯಾರು ಎಂದು ಸಹೋದ್ಯೋಗಿಯೊಬ್ಬರು ನನ್ನನ್ನು ಕೇಳಿದರು. ನರತಜ್ಞರೂ ಅದನ್ನೇ ಹೇಳಿದ್ದರು. ಹಟದ ಸಾಧಕದಿಂದ ತಪ್ಪು ಚಲನೆಯೇ ಇನ್ನಷ್ಟು ಗಟ್ಟಿಯಾಗುತ್ತದೆ. ಅವರು ಹೇಳದಿದ್ದರೂ ನಾನು ಹೇಳುತ್ತಿದ್ದೆ. ಕಾಯಿಲೆಯವರೇ ದಿನಾ ಸಾಕ್ಷಿ ಒದಗಿಸಬೇಕು ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಪಾಲ್ ಕ್ಲೇ ಕೂಡ ಪಿಟೀಲುಗಾರನಾಗಿದ್ದು ಚಿತ್ರಕಾರನಾದ ಎಂದು ಗೆಳೆಯರು ಸಮಾಧಾನ ಹೇಳಿದ್ದರಂತೆ. ಒಳ್ಳೆಯ ಮನಸ್ಸಿನ ಮಾತೇ. ಆದರೆ ಕ್ಲೇ ಚಿತ್ರಕಲೆಯನ್ನು ತಾನೇ ಆರಿಸಿಕೊಂಡವನು. ಆಮೇಲೂ ಎಷ್ಟೋ ವರ್ಷ ಪಿಯಾನೊ ನುಡಿಸುವ ಹೆಂಡತಿಯ ಜೊತೆ ಪಿಟೀಲು ನುಡಿಸುತ್ತಿದ್ದ. ಇವರಿಗೆ ಆ ಆಯ್ಕೆಯೇ ಇರಲಿಲ್ಲ. ದುಃಖಪಡಲು ಮೊದಲು ಬಿಡಬೇಕು, ಅಲ್ವಾ?

ಅಮ್ಮ ನರತಜ್ಞರ ಬಳಿ ಹೋಗಿಬಂದರು. ಒಂದು ದಿನ ತಾವಾಗಿಯೇ ಮಗಳ ಕೋಣೆಗೂ ಹೋದರಂತೆ. ಗಾಜಿನ ಮೇಲೆ ಶಾಯಿ ಹರಡುವಾಗ ರೋಲರ್ ಸಣ್ಣಗೆ ಚರಚರ ಎನ್ನುತ್ತದೆ. ಆ ಸದ್ದು ಕೇಳಿಯೇ ಶಾಯಿಯ ಹದ ತಿಳಿಯಬೇಕು. ಮಗಳು ತಲೆ ಬಾಗಿಸಿ ಕೇಳುತ್ತಿದ್ದರು. ಅಮ್ಮ ಬಾಗಿಲಲ್ಲೇ ನಿಂತು ಕೇಳಿದರಂತೆ: "ಶ್ರುತಿ ಸೇರಿತಾ?"