ಕಾರಿಲ್ಲದೆ ವೆಸ್ಟ್ ಹೈಲ್ಯಾಂಡ್ ವೇ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಗಳು ಗ್ಲಾಸ್ಗೋದಲ್ಲಿದ್ದಾಳೆ. ಮೇ ತಿಂಗಳಲ್ಲಿ ನಾನೂ ನಮ್ಮ ಯಜಮಾನರೂ ಅಲ್ಲಿಗೆ ಹೊರಟಿದ್ದೇವೆ. ಇಬ್ಬರಿಗೂ ಅರವತ್ತು ದಾಟಿದೆ, ಕೊಡಚಾದ್ರಿ ಹತ್ತಿದ ಅಭ್ಯಾಸವಿದೆ. ವೆಸ್ಟ್ ಹೈಲ್ಯಾಂಡ್ ವೇ ಎಂಬ ಕಾಲುದಾರಿಯಲ್ಲಿ ಒಂದೆರಡು ದಿನ ನಡೆಯುವ ಆಸೆ. ‘ಕಾರಿಲ್ಲದೆ ಆಗದು, ನನಗೆ ರಜೆಯೂ ಇಲ್ಲ’ ಅನ್ನುತ್ತಾರೆ ಅಳಿಯ. ರೈಲು, ಬಸ್ಸು ನಂಬಿಕೊಂಡು ಹೋಗಬಹುದೇ?
– ಓದುಗರೊಬ್ಬರು, ಸಾಗರ

ಉತ್ತರ: ಧಾರಾಳವಾಗಿ ಹೋಗಿ. ಈ ದಾರಿಗೆ ಕಾರೇ ತೊಡಕು. ಕಾರು ನಿಲ್ಲಿಸಿದ ಜಾಗಕ್ಕೇ ಮತ್ತೆ ಬರಬೇಕಲ್ಲ! ಇದು ಗ್ಲಾಸ್ಗೋ ಪಕ್ಕದ ಮಲ್ಗೈಯಿಂದ ಫೋರ್ಟ್ ವಿಲಿಯಂವರೆಗೆ 154 ಕಿ.ಮೀ. ಉತ್ತರಕ್ಕೆ ಸಾಗುವ ದಾರಿ, 1980ರಲ್ಲಿ ತೆರೆದದ್ದು. ಮಲ್ಗೈಯನ್ನು ಬೋರ್ಡಿನಲ್ಲಿ ಮಿಲ್ನ್‌ಗೇವಿ ಎಂದು ಓದಿಕೊಳ್ಳುವ ಹಾಗೆ ಬರೆದಿರುತ್ತಾರೆ, ಗಾಬರಿಯಾಗಬೇಡಿ. ನಡುವೆ ಬೇಕಾದಲ್ಲಿ ಇಳಿದು, ನಡೆದು, ಮುಂದಿನ ಊರಲ್ಲಿ ಹತ್ತಿಕೊಳ್ಳುವ ಸುಖ ರೈಲಿನವರಿಗೆ ಮಾತ್ರ.

ನಾನು ಮೇಷ್ಟರ ಕೆಲಸದಿಂದ ನಿವೃತ್ತಳಾದ ವರ್ಷ ಒಬ್ಬಳೇ ಹೋಗಿದ್ದೆ. ಗ್ಲಾಸ್ಗೋದ ಕ್ವೀನ್ ಸ್ಟ್ರೀಟ್ ಸ್ಟೇಷನ್ನಿನಲ್ಲಿ ಬ್ರಿಜ್ ಆಫ್ ಆರ್ಕಿಗೆ ಟಿಕೆಟ್ ತೆಗೆದುಕೊಂಡು, ಕಿಟಕಿ ಪಕ್ಕದ ಸೀಟು ಕಂಡ ಬೋಗಿಗೆ ಹತ್ತಿ ಕೂತೆ. ಆ ಗಾಡಿ ಕ್ರಿಯನ್‌ಲಾರಿಕ್‌ನಲ್ಲಿ ಎರಡಾಗುತ್ತದೆ. ಒಂದು ಭಾಗ ಓಬನ್‌ಗೆ, ಇನ್ನೊಂದು ಫೋರ್ಟ್ ವಿಲಿಯಂ ಕಡೆಗೆ. ನಾನಿದ್ದದ್ದು ಓಬನ್ ಭಾಗದಲ್ಲಿ. ಗೊತ್ತಾಗುವಷ್ಟರಲ್ಲಿ ಗಾಡಿ ಹೊರಟಿತ್ತು. ಮುಂದಿನ ಸ್ಟೇಷನ್ ಟೈಂಡ್ರಮ್ ಲೋಯರ್‌ನಲ್ಲಿ ಇಳಿದುಬಿಟ್ಟೆ. ಟೈಂಡ್ರಮ್ ಪುಟ್ಟ ಹಳ್ಳಿ, ಆದರೆ ಎರಡು ಸ್ಟೇಷನ್ನು: ಕೆಳಗಿನದು ಓಬನ್ ಹಳಿಗೆ, ಗುಡ್ಡದ ಮೇಲಿನದು ಫೋರ್ಟ್ ವಿಲಿಯಂ ಹಳಿಗೆ. ಮೇಲಿನ ಹಳಿಯಲ್ಲಿ ಮುಂದಿನ ಗಾಡಿಗೆ ಗಂಟೆಗಟ್ಟಲೆ ಕಾಯಬೇಕಿತ್ತು. ಬ್ರಿಜ್ ಆಫ್ ಆರ್ಕಿಗೆ ಕಾಲುದಾರಿಯಲ್ಲಿ 11 ಕಿ.ಮೀ. ಅಷ್ಟೇ. ನಡೆದೆ.

ನೀವೂ ಅದನ್ನೇ ನಡೆಯಿರಿ ಎಂಬುದು ನನ್ನ ಸಲಹೆ. ಹಳೆಯ ಕಾಲದ ಮಿಲಿಟರಿ ರಸ್ತೆ, ಜಲ್ಲಿಕಲ್ಲಿನ ನೆಲ, ಏರು ಕಡಿಮೆ. ಕೊಡಚಾದ್ರಿ ಹತ್ತಿದ ಕಾಲಿಗೆ ಏನೂ ಅಲ್ಲ. ಬೆನ್ ಡೋರನ್ ಬೆಟ್ಟದ ಬುಡಕ್ಕೆ ಬರುವಾಗ ಹಳಿಯ ಮೇಲೆ ಕಣ್ಣಿಡಿ. ಅಲ್ಲಿ ಅದು ಪಕ್ಕದ ಕಣಿವೆಯೊಳಗೆ ಲಾಳದ ಹಾಗೆ ಬಾಗಿ, ಎತ್ತರದ ಸೇತುವೆ ದಾಟಿ ಮತ್ತೆ ಹೊರಬರುತ್ತದೆ. ಗ್ಲಾಸ್ಗೋ ಕಡೆಗೆ ಹೊರಟಿದ್ದ ಗಾಡಿಯೊಂದು ಆ ಲಾಳದೊಳಗೆ ಹೊಕ್ಕಿತು. ಎಷ್ಟೋ ಹೊತ್ತು ಸದ್ದು ಮಾತ್ರ. ಕುರಿಗಳು ತಲೆಯೆತ್ತಲೂ ಇಲ್ಲ. ಆಮೇಲೆ ಇನ್ನೊಂದು ಮಗ್ಗುಲಲ್ಲಿ ಮೂತಿ ಕಾಣಿಸಿತು. ಬ್ಯಾಗು ಕೆಳಗಿಟ್ಟು ನಿಂತು ನೋಡಿದೆ. ಕಾರಿನಲ್ಲಿ ಹೋದವರಿಗೆ ಈ ನೋಟವಿಲ್ಲ. ಕೊನೆಗೆ ದಾರಿ ಬ್ರಿಜ್ ಆಫ್ ಆರ್ಕಿ ಸ್ಟೇಷನ್ನಿನ ಅಡಿಯಲ್ಲೇ ಸುರಂಗದಂತೆ ತೂರಿ ಹೋಗುತ್ತದೆ. ನಮ್ಮ ಸುಬ್ರಹ್ಮಣ್ಯ ರೋಡ್ ಸ್ಟೇಷನ್ ಇರುವುದು ನೆಟ್ಟಣದಲ್ಲಿ, ಕುಮಾರ ಪರ್ವತಕ್ಕೆ ಹೋಗುವವರು ಅಲ್ಲಿಳಿದು ಕುಕ್ಕೆಗೆ ಬಸ್ಸೋ ಜೀಪೋ ಹಿಡಿಯಬೇಕು. ಇಲ್ಲಿ ಅದೂ ಬೇಡ.

ಆದ್ದರಿಂದ ಬೆಳಗಿನ ಗಾಡಿಗೆ ಅಪ್ಪರ್ ಟೈಂಡ್ರಮ್‌ಗೆ ಟಿಕೆಟ್ ಮಾಡಿ. ಹತ್ತುವಾಗಲೇ ಬೋಗಿಯ ಮೇಲೆ ಎಲ್ಲಿಗೆ ಎಂದು ಓದಿಕೊಳ್ಳಿ, ಗಾರ್ಡನ್ನೂ ಕೇಳಿ. ಸಂಜೆ ಬ್ರಿಜ್ ಆಫ್ ಆರ್ಕಿಯಲ್ಲಿ ಹತ್ತಿ ವಾಪಸ್ಸಾಗಿ. ದಿನಕ್ಕೆ ಮೂರು ನಾಲ್ಕು ಗಾಡಿಗಳಷ್ಟೇ, ಭಾನುವಾರ ಇನ್ನೂ ಕಡಿಮೆ. ವೇಳಾಪಟ್ಟಿಯನ್ನು ಕಾಗದದಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ, ಮೊಬೈಲ್ ಸಿಗ್ನಲ್ ನೆಚ್ಚಬೇಡಿ. ಗಾಡಿ ತಪ್ಪಿದರೆ ಎ82 ಹೆದ್ದಾರಿಯಲ್ಲಿ ಗ್ಲಾಸ್ಗೋ–ಫೋರ್ಟ್ ವಿಲಿಯಂ ಸಿಟಿಲಿಂಕ್ ಬಸ್ಸುಗಳಿವೆ. ಸೀಟು ಮೊದಲೇ ಕಾದಿರಿಸಿದರೆ ಒಳ್ಳೆಯದು. ಸ್ಟಾಪಿನಲ್ಲಿ ಕೈ ತೋರಿಸಿಯೇ ನಿಲ್ಲಿಸಿ.

ಬ್ರಿಜ್ ಆಫ್ ಆರ್ಕಿಯಿಂದ ಮುಂದೆ ಕಾಲುದಾರಿಯೂ ಹಳಿಯೂ ಬೇರೆಬೇರೆ. ಹಳಿ ರ‍್ಯಾನಕ್ ಜೌಗಿನ ಮೇಲೆ ಹೋಗುತ್ತದೆ. 1894ರಲ್ಲಿ ಆ ದಾರಿ ತೆರೆಯುವ ಮೊದಲು ಜೌಗು ಎಷ್ಟು ತುಂಬಿದರೂ ತುಂಬದೆ, ಸೌದೆಕಟ್ಟು, ಮಣ್ಣು, ಬೂದಿ ಹಾಸಿ ಅದರ ಮೇಲೆ ಹಳಿ ತೇಲಿಸಿದ್ದರು. ಕಾಲುದಾರಿಯವರಿಗೆ ಮುಂದಿನ ರೈಲು ಫೋರ್ಟ್ ವಿಲಿಯಂನಲ್ಲೇ. ನಡುವಿನ ಕಿನ್‌ಲಾಕ್‌ಲೆವೆನ್‌ನಿಂದ ಬಸ್ಸು ಮಾತ್ರ.

ಎರಡನೆಯ ದಿನಕ್ಕೆ: ಬಾಲಾಕ್‌ವರೆಗೆ ರೈಲು, ಅಲ್ಲಿಂದ ಬಾಲ್ಮಹಾಕ್ಕೆ 309 ನಂಬರ್ ಬಸ್ಸು. 361 ಮೀಟರ್ ಎತ್ತರದ ಕಾನಿಕ್ ಹಿಲ್ ಹತ್ತಿದರೆ ಲಾಕ್ ಲೋಮಂಡ್ ಸರೋವರವೂ ಅದರ ದ್ವೀಪಗಳೂ ಕಾಲಬುಡದಲ್ಲಿ. ಇಳಿಯುವಾಗ ಮಂಡಿಗೆ ಕೋಲು ಇರಲಿ. ರೋವರ್‌ಡೆನನ್ ದಾಟಿ ಉತ್ತರಕ್ಕೆ ಹೋಗಬೇಡಿ. ಅಲ್ಲಿ ಬಂಡೆ, ಬೇರುಗಳ ದಾರಿ, ಬಸ್ಸಿಲ್ಲ.

ಪ್ರಶ್ನೆ: ಎಡಿನ್‌ಬರ್ಗ್‌ನಲ್ಲಿ ಓದುತ್ತಿದ್ದೇನೆ. ಜುಲೈನಲ್ಲಿ ಇದೇ ದಾರಿಯಲ್ಲಿ ಟೆಂಟ್ ಹಾಕಬಹುದೇ?
– ವಿದ್ಯಾರ್ಥಿ, ಮೈಸೂರು

ಉತ್ತರ: ಹಾಕಬಹುದು. 2003ರ ಕಾಯಿದೆ ಜವಾಬ್ದಾರಿಯಿಂದ ಕ್ಯಾಂಪ್ ಮಾಡುವವರಿಗೆ ಸ್ಕಾಟ್ಲೆಂಡ್‌ನಲ್ಲಿ ಆ ಹಕ್ಕು ಕೊಟ್ಟಿದೆ. ಆದರೆ ಲಾಕ್ ಲೋಮಂಡ್‌ನ ಪೂರ್ವ ದಡದಲ್ಲಿ ಮಾರ್ಚ್ 1ರಿಂದ ಸೆಪ್ಟೆಂಬರ್ 30ರವರೆಗೆ ಗುರುತು ಮಾಡಿದ ವಲಯಗಳಿಗೆ ಪರ್ಮಿಟ್ ಬೇಕು. ನ್ಯಾಷನಲ್ ಪಾರ್ಕಿನವರಿಂದ ಮೊದಲೇ ತೆಗೆದುಕೊಳ್ಳಿ. ಜುಲೈನಲ್ಲಿ ಮಿಜ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ನೊಣ ಸಂಜೆ ಗಾಳಿ ನಿಂತರೆ ಮುಖಕ್ಕೇ ಮುತ್ತುತ್ತದೆ. ತಲೆಗೆ ಹಾಕುವ ಬಲೆ ಕೊಂಡುಕೊಂಡೇ ಮಲ್ಗೈ ಗಾಡಿ ಹತ್ತಿ.