ಸೋಲೋಗೆ ಬರುವ ತಂಗಿಗೆ

"ಅಕ್ಕಾ, ಇಂಡೋನೇಷ್ಯಾದ ಜಾವಾ ದ್ವೀಪದ ಸೋಲೋದಲ್ಲಿ ಇಂಗ್ಲಿಷ್ ಮೇಡಂ ಕೆಲಸ ಸಿಕ್ಕಿದೆ. ಸಂಬಳ ಸಾಲುತ್ತಾ? ನಮ್ಮಂಥ ಸಸ್ಯಾಹಾರಿಗಳಿಗೆ ಊಟ ಸಿಗುತ್ತಾ? ಒಬ್ಬಳೇ ಇರಬಹುದಾ? ಮಕ್ಕಳು ಮಾತು ಕೇಳ್ತಾರಾ?" ಅಂತ ಬರೆದಿದ್ದೀಯ. ಕೊನೆಯ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ನಾನು ಶಿವಮೊಗ್ಗದಿಂದ ಇಲ್ಲಿಗೆ ಬಂದದ್ದು 2013ರ ಜುಲೈನಲ್ಲಿ. ಆಗ ರಂಜಾನ್ ನಡೆಯುತ್ತಿತ್ತು. ಮೊದಲ ರಾತ್ರಿ ಮೂರು ಗಂಟೆಗೆ ಬೀದಿಯಲ್ಲಿ ಹುಡುಗರು ಡಬ್ಬ ಬಡಿದುಕೊಂಡು ಹೋದರು. ಗಾಬರಿಯಾಗಿ ಬಾಗಿಲು ತೆಗೆದೆ. ಮನೆ ಒಡತಿ ನಕ್ಕು, "ಪುವಾಸಾ, ಪುವಾಸಾ" ಅಂದರು. ಊಟಕ್ಕೆ ಎಬ್ಬಿಸುತ್ತಾರಂತೆ. ಎರಡು ಸಲ ಕೇಳಿದ ಮೇಲೆ ಹೊಳೆಯಿತು, ಅದು ನಮ್ಮ ಉಪವಾಸವೇ! ಆಮೇಲೆ ಒಂದೊಂದೇ ಸಿಕ್ಕವು. ಹೆಂಡತಿ ಇಸ್ತ್ರಿ, ಗಂಡ ಸುವಾಮಿ, ಮೇಷ್ಟ್ರು ಗುರು. ಆ ಮಾತುಗಳೇ ನನ್ನನ್ನು ಇಲ್ಲಿ ಹಿಡಿದು ನಿಲ್ಲಿಸಿದವು.

ಸಂಬಳ ಒಬ್ಬಳಿಗೆ ಸಾಕು, ಮನೆಗೆ ಜಾಸ್ತಿ ಕಳಿಸುವ ಲೆಕ್ಕ ಹಾಕಬೇಡ. ಒಬ್ಬಳೇ ಇರಬಹುದು. ‘ಕೋಸ್’ ಅಂತ ಬಾಡಿಗೆ ಕೋಣೆಗಳು ಸಿಗುತ್ತವೆ, ಒಡತಿ ಒಳ್ಳೆಯವರಿದ್ದರೆ ತಾಯಿಯ ಹಾಗೆ ನೋಡಿಕೊಳ್ಳುತ್ತಾರೆ. ವೀಸಾ ವಿಷಯದಲ್ಲಿ ಮಾತ್ರ ಗಟ್ಟಿಯಾಗಿರು. "ಸದ್ಯಕ್ಕೆ ಪ್ರವಾಸಿ ವೀಸಾದಲ್ಲಿ ಬನ್ನಿ, ಆಮೇಲೆ ಮಾಡಿಸೋಣ" ಅಂದರೆ ಒಪ್ಪಬೇಡ. ಸಿಕ್ಕಿಬಿದ್ದರೆ ಊರಿಗೆ ವಾಪಸ್ ಕಳಿಸುತ್ತಾರೆ. ಇಂಗ್ಲಿಷ್ ಕಲಿಸುವ ಟ್ಯೂಷನ್ ಸಂಸ್ಥೆಗಳು ಹೆಚ್ಚಾಗಿ ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾದಂಥ ದೇಶಗಳ ಪಾಸ್‌ಪೋರ್ಟ್ ಕೇಳುತ್ತವೆ. ನಿನಗೆ ಶಾಲೆಯೇ ಕೆಲಸ ಕೊಟ್ಟಿದೆ ಅಂದರೆ, ಕೆಲಸದ ಪರವಾನಗಿಯನ್ನೂ ‘ಕಿತಾಸ್’ ಅನ್ನುವ ವಾಸದ ಪರವಾನಗಿಯನ್ನೂ ಅವರೇ ಮಾಡಿಸಿಕೊಡಬೇಕು. ಇದನ್ನು ಬರಹದಲ್ಲಿ ತಗೋ.

ಊಟಕ್ಕೆ ತೊಂದರೆ ಇಲ್ಲ, ಆದರೆ ಕೇಳುವುದು ಗೊತ್ತಿರಬೇಕು. ಮಾಂಸಕ್ಕೆ ಇಲ್ಲಿ ‘ದಾಗಿಂಗ್’ ಅಂತಾರೆ, ಆದರೆ "ದಾಗಿಂಗ್ ತಿನ್ನಲ್ಲ" ಅಂದರೆ ದನದ ಮಾಂಸ ಬೇಡ ಅಂದುಕೊಂಡು ಕೋಳಿ ಹಾಕುತ್ತಾರೆ. ಕೋಳಿ, ಮೀನು ಎಲ್ಲ ಬೇಡ ಅಂತ ಬಿಡಿಸಿ ಹೇಳು. ಚಟ್ನಿಯಲ್ಲಿ ಸಿಗಡಿಯಿಂದ ಮಾಡಿದ ‘ತೆರಾಸಿ’ ಇರುತ್ತದೆ, ಅದೂ ಬೇಡ ಅನ್ನು. ಬೇಯಿಸಿದ ಸೊಪ್ಪು, ಮೊಳಕೆಕಾಳಿನ ಮೇಲೆ ಕಡಲೆಕಾಯಿ ಸಾರು ಸುರಿದುಕೊಡುವ ‘ಪೆಚೆಲ್’ ಬಾಳೆಎಲೆಯಲ್ಲಿ ಬಂದಾಗ ನಿನಗೂ ಊರು ನೆನಪಾಗುತ್ತದೆ. ಸಾರಿನ ಪುಡಿ ಮರೆಯದೆ ತಾ.

ಈಗ ಮಕ್ಕಳ ವಿಷಯ. ಬೆಳಿಗ್ಗೆ ಒಬ್ಬೊಬ್ಬರಾಗಿ ಬಂದು ನಿನ್ನ ಕೈ ಹಿಡಿದು ಹಣೆಗೆ ಒತ್ತಿಕೊಳ್ಳುತ್ತಾರೆ. ಮೊದಲ ದಿನ ನನ್ನ ಕಣ್ಣು ತುಂಬಿಬಂತು. ನಾವು ಮೇಷ್ಟ್ರ ಕಾಲಿಗೆ ಬೀಳುತ್ತಿದ್ದೆವಲ್ಲ, ಹಾಗೆಯೇ ಅಂದುಕೊಂಡೆ. ಹಾಗಾದರೆ ನಮ್ಮ ಮೇಷ್ಟ್ರ ಹಾಗೆ ಬೈದರೂ ನಡೆಯುತ್ತದೆ ಅಂದುಕೊಂಡೆ. ಅಲ್ಲೇ ತಪ್ಪಿದ್ದು.

ಎಂಟನೇ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ. "ಅರ್ಥ ಆಯ್ತಾ?" ಅಂದರೆ ತಲೆ ಬಗ್ಗಿಸಿ "ಇಂಗ್ಗಿಹ್, ಮಿಸ್" ಅನ್ನುತ್ತಿದ್ದ. ಹಿರಿಯರ ಜೊತೆ ಮಾತಾಡುವ ಜಾವಾ ಮಾತಿನಲ್ಲಿ ಅದು ಹೌದು. ಆದರೆ ‘ನೀವು ಹೇಳಿದ್ದು ಕಿವಿಗೆ ಬಿತ್ತು’ ಅನ್ನುವುದಕ್ಕೂ ಅದೇ ಮಾತು. ನನಗೆ ತಿಳಿದಿರಲಿಲ್ಲ. ಪರೀಕ್ಷೆಯಲ್ಲಿ ಅವನ ಹಾಳೆ ಪೂರಾ ಖಾಲಿ. ಎಲ್ಲರ ಮುಂದೆ ನಿಲ್ಲಿಸಿ, "ಮತ್ತೆ ಹೌದು ಹೌದು ಅಂತ ಯಾಕೆ ಸುಳ್ಳು ಹೇಳಿದೆ?" ಅಂತ ಕೂಗಿದೆ. ಅವನು ನಕ್ಕ. ಆ ನಗು ನೋಡಿ ಇನ್ನೂ ಜೋರಾಗಿ ಬೈದೆ. ನಾಚಿಕೆ ತಡೆಯಲಾಗದಿದ್ದಾಗ ಇಲ್ಲಿನವರು ಹಾಗೆ ನಗುತ್ತಾರೆ ಅಂತ ಜೊತೆಯ ಟೀಚರ್ ಆಮೇಲೆ ಮೆಲ್ಲಗೆ ಹೇಳಿದರು. ಮರುದಿನವೂ ಅವನು ಬಂದು ನನ್ನ ಕೈ ಹಣೆಗೆ ಒತ್ತಿಕೊಂಡ. ಆದರೆ ಕ್ಲಾಸಿನಲ್ಲಿ ಮತ್ತೆ ಬಾಯಿ ಬಿಡಲಿಲ್ಲ.

ಅವನ ತಾಯಿಗೆ ಕ್ಲೆವೆರ್ ಮಾರುಕಟ್ಟೆಯಲ್ಲಿ ಬಾಟಿಕ್ ಅಂಗಡಿ ಇತ್ತು. ಅಕ್ಟೋಬರ್‌ನಲ್ಲಿ ಬಟ್ಟೆ ತರಲು ಹೋದೆ. ಆಕೆ ಸ್ಟೂಲ್ ಹಾಕಿ ಕೂರಿಸಿ, ಮುಚ್ಚಳ ಇಟ್ಟ ಲೋಟದಲ್ಲಿ ಸಕ್ಕರೆ ಜಾಸ್ತಿ ಹಾಕಿದ ಟೀ ಕೊಟ್ಟರು. "ಮನೇಲಿ ಯಾವಾಗಲೂ ಮಿಸ್ ಮಾತೇ" ಅಂದರು. ಹುಡುಗ ಹಿಂದೆ ನಿಂತು ಕಂದು ಬಣ್ಣದ ಬಟ್ಟೆ ಮಡಿಸುತ್ತಿದ್ದ, ಅಂಚಿಗೆ ಅಂಚು ಸೇರಿಸಿ, ಅಂಗೈಯಿಂದ ಸವರಿ. ತಪ್ಪಾಯ್ತು ಕಂದಾ ಅನ್ನಲು ಬಾಯಿಗೆ ಬಂತು. ತಾಯಿಯ ಮುಂದೆ ಬೇಡ, ಶಾಲೆಯಲ್ಲಿ ಹೇಳೋಣ ಅಂತ ಎದ್ದು ಬಂದೆ. ಶಾಲೆಯಲ್ಲಿ ದಿನ ಮುಂದೂಡುತ್ತಾ ಹೋದೆ.

2014ರ ಡಿಸೆಂಬರ್ 27ರ ರಾತ್ರಿ ಕ್ಲೆವೆರ್ ಹೊತ್ತಿ ಉರಿಯಿತು. ಸಾವಿರಾರು ವ್ಯಾಪಾರಿಗಳ ಸರಕು ಹೋಯಿತು. ರಜೆ ಮುಗಿದ ಮೇಲೆ ಹುಡುಗ ಶಾಲೆಗೆ ಬರಲಿಲ್ಲ. ಅಜ್ಜಿಯ ಊರಿಗೆ ಹೋದರಂತೆ. 2017ರಲ್ಲಿ ಹೊಸ ಮಾರುಕಟ್ಟೆ ತೆರೆದಾಗ ಸಾಲು ಸಾಲು ಹುಡುಕಿದೆ. ಸಿಗಲಿಲ್ಲ.

ಅದಕ್ಕೇ ಹೇಳುತ್ತೇನೆ, "ಅರ್ಥ ಆಯ್ತಾ?" ಅಂತ ಕೇಳಬೇಡ. ಇಬ್ಬಿಬ್ಬರನ್ನು ಕೂರಿಸಿ ಮಾತಾಡಿಸು, ಚೀಟಿಯಲ್ಲಿ ಬರೆಸು. ತಪ್ಪಿದ್ದರೆ ಬೆಂಚಿನ ಹತ್ತಿರ ಹೋಗಿ, ಬಗ್ಗಿ, ಅವನಿಗೆ ಮಾತ್ರ ಕೇಳುವ ಹಾಗೆ ಹೇಳು. ಕೋಪ ಬಂದರೆ ಆಚೆ ಹೋಗಿ ನೀರು ಕುಡಿದು ಬಾ. ಒಂದು ವೇಳೆ ಬಾಯಿ ಜಾರಿದರೆ ಅವತ್ತೇ ಕರೆದು ಸರಿ ಮಾಡಿಕೋ.

ಹೊರಡುವ ದಿನ ತಿಳಿಸು. ಜೋಗ್ಜಾದಲ್ಲಿ, ಅಂದರೆ ಪಕ್ಕದ ಯೋಗ್ಯಕರ್ತಾದಲ್ಲಿ, ಇಳಿದರೆ ಆ ಊರಿನ ಸ್ಟೇಷನ್ನಿಂದ ಲೋಕಲ್ ರೈಲು ಇದೆ, ಟಿಕೆಟ್ 8,000 ರೂಪಿಯಾ. ಸೊನ್ನೆ ನೋಡಿ ಹೆದರಬೇಡ, ನಮ್ಮ ಐವತ್ತು ರೂಪಾಯಿಯೂ ಆಗುವುದಿಲ್ಲ. ಸೋಲೋದ ಬಾಲಾಪಾನ್ ಸ್ಟೇಷನ್ನಿಗೆ ನಾನೇ ಬರುತ್ತೇನೆ. ಜಾಗ ಇದ್ದರೆ ಒಂದು ಡಬ್ಬಿ ಮಾವಿನಮಿಡಿ ತಾ.